ಹೊಲ ಬಿಟ್ಟು ಹೊಲಕ್ಕೇ ಬಂದವರು: ಅಯೋವಾದ ವಾಲೇಸ್ ಮನೆತನ

ಇಲ್ಲಿ ಕೂತವರಲ್ಲಿ ಎಷ್ಟು ಜನ ಈ ಸಲ ಗೋವಿನಜೋಳ ಬಿತ್ತಿದ್ದೀರಿ? ಒಮ್ಮೆ ಕೈ ಎತ್ತಿ ನೋಡೋಣ. ಮುಕ್ಕಾಲು ಪಾಲು ಕೈ ಮೇಲಿವೆ. ನಾನು ಹಾವೇರಿ ಕಡೆಯವನು, ಅದಕ್ಕೆ ಗೋವಿನಜೋಳ ಅನ್ನುತ್ತೇನೆ. ದಾವಣಗೆರೆಯವರು ಮೆಕ್ಕೆಜೋಳ ಅನ್ನುತ್ತೀರಿ, ಮೈಸೂರು ಕಡೆಯವರಿಗೆ ಅದು ಮುಸುಕಿನ ಜೋಳ. ಏನೇ ಕರೆಯಿರಿ, ಮುಂಗಾರು ಬಂತೆಂದರೆ ನಾವೆಲ್ಲ ಮಾಡುವುದು ಒಂದೇ ಕೆಲಸ. ಅಂಗಡಿಗೆ ಹೋಗಿ ಹೊಸ ಬೀಜದ ಚೀಲ ತರುತ್ತೇವೆ. ಹೋದ ವರ್ಷದ ಕಾಳು ಮನೆಯಲ್ಲಿ ರಾಶಿ ಬಿದ್ದಿದ್ದರೂ ಅದನ್ನು ಬಿತ್ತುವುದಿಲ್ಲ. ಬಿತ್ತಿದರೆ ಫಸಲು ಬೀಳುತ್ತದೆ ಅಂತ ನಮಗೆ ಗೊತ್ತು.

ಈ ಪದ್ಧತಿ ಯಾವಾಗ ಶುರುವಾಯಿತು, ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಅಮೆರಿಕದ ಅಯೋವಾ ರಾಜ್ಯದ ಒಂದು ಒಕ್ಕಲುತನದ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಅದು ವಾಲೇಸ್ ಅವರ ಮನೆ. ಇವತ್ತು ಆ ಮನೆಯ ಮೂರು ತಲೆಮಾರಿನ ಕಥೆ ಹೇಳುತ್ತೇನೆ. ಕೃಷಿ ಮಂತ್ರಿ, ಉಪಾಧ್ಯಕ್ಷ ಎಲ್ಲ ಬರುತ್ತಾರೆ, ಆದರೆ ನನಗೆ ಈ ಮನೆ ಇಷ್ಟವಾದದ್ದು ಆ ಕಾರಣಕ್ಕಲ್ಲ. ಈ ಮನೆಯಲ್ಲಿ ಪ್ರತಿ ತಲೆಮಾರಿನವರೂ ಹೊಲ ಬಿಟ್ಟು ಹೋಗಿದ್ದಾರೆ. ಹಾಗೆ ಹೋದ ಪ್ರತಿಯೊಬ್ಬರೂ ಬೇರೆ ಬೇರೆ ದಾರಿ ಹಿಡಿದು ವಾಪಸ್ ಹೊಲಕ್ಕೇ ಬಂದಿದ್ದಾರೆ. ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಕೂತಿರುವ ನಮಗೆ ಇದು ದೂರದ ಕಥೆ ಅನ್ನಿಸುವುದಿಲ್ಲ, ಅಲ್ವಾ?

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಅಜ್ಜ ಹೆನ್ರಿ, ಮಗ ಹೆನ್ರಿ, ಮೊಮ್ಮಗನೂ ಹೆನ್ರಿ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವೆ, ನಡುವಿನವನಿಗೆ ಬಿಡುವು ಸಿಗುತ್ತದೆ. ಅವರು ನಡುವಿನವನನ್ನೂ ಬಿಡಲಿಲ್ಲ. ಹಾಗಾಗಿ ನಾನು ಅಜ್ಜ, ಅಪ್ಪ, ಮಗ ಅಂತಲೇ ಹೇಳುತ್ತಾ ಹೋಗುತ್ತೇನೆ.

ಅಜ್ಜ ಹೆನ್ರಿ ಹುಟ್ಟಿದ್ದು 1836ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಅವರ ತಂದೆ ಜಾನ್ 1832ರಲ್ಲಿ ಐರ್ಲೆಂಡಿನಿಂದ ಹಡಗು ಹತ್ತಿ ಬಂದವರು. ಆ 1832 ಅನ್ನುವ ಇಸವಿಯ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಅದೇ ವರ್ಷ ಸಾಕ್ ಎಂಬ ಮೂಲನಿವಾಸಿ ಜನರ ನಾಯಕ ಬ್ಲ್ಯಾಕ್ ಹಾಕ್ ಅಮೆರಿಕದ ಸೈನ್ಯದ ಎದುರು ಯುದ್ಧ ಸೋತರು. ಅಲ್ಲಿಂದಾಚೆ ಹತ್ತು ವರ್ಷಗಳ ಒಳಗೆ, 1842ರ ಒಪ್ಪಂದದ ಹೊತ್ತಿಗೆ, ಸಾಕ್ ಮತ್ತು ಮೆಸ್ಕ್ವಾಕಿ ಜನ ಅಯೋವಾದ ಬಹುಪಾಲು ನೆಲ ಬಿಟ್ಟುಕೊಡಬೇಕಾಯಿತು. ನಾವು ಮುಂದೆ ಮಾತಾಡುವ ವಾಲೇಸ್ ಹೊಲಗಳು ಆ ನೆಲದಲ್ಲೇ ಇವೆ. ಮೆಸ್ಕ್ವಾಕಿಗಳು ಸುಮ್ಮನೆ ಹೋಗಲಿಲ್ಲ. 1857ರಲ್ಲಿ ತಮ್ಮದೇ ದುಡ್ಡು ಕೊಟ್ಟು ಟಾಮಾ ಎಂಬಲ್ಲಿ ತಮ್ಮದೇ ನೆಲವನ್ನು ಮತ್ತೆ ಕೊಂಡರು. ಇವತ್ತಿಗೂ ಅಲ್ಲಿದ್ದಾರೆ. ಯಾವುದೇ ಒಕ್ಕಲು ಮನೆಯ ಚರಿತ್ರೆ ಹೇಳುವಾಗ ಆ ನೆಲದಲ್ಲಿ ಮೊದಲು ಯಾರಿದ್ದರು ಅಂತ ಕೇಳಿಯೇ ಮುಂದೆ ಹೋಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಅಜ್ಜ ಹೆನ್ರಿಗೆ ಒಕ್ಕಲುತನ ಮಾಡುವ ಮನಸ್ಸಿರಲಿಲ್ಲ. ಓದಿ ಪ್ರೆಸ್ಬಿಟೇರಿಯನ್ ಪಂಗಡದ ಪಾದ್ರಿ ಆದರು. ಇದು ಮೊದಲನೇ ಸಲ ಹೊಲ ಬಿಟ್ಟದ್ದು. ಆದರೆ ಆ ಮನೆಗೆ ಕ್ಷಯ ಹಿಡಿದಿತ್ತು. ತಮ್ಮಂದಿರು, ತಂಗಿಯರು ಒಬ್ಬೊಬ್ಬರಾಗಿ ಸಣ್ಣ ವಯಸ್ಸಿನಲ್ಲೇ ಹೋದರು. 1877ರಲ್ಲಿ ಇವರ ಆರೋಗ್ಯವೂ ಕೆಟ್ಟಿತು. ಪಾದ್ರಿ ಕೆಲಸ ಬಿಟ್ಟು ಬಯಲಿನ ಗಾಳಿಯಲ್ಲಿ ಇರಿ ಅಂದರು ಡಾಕ್ಟರು. ಆಗ ಅವರಿಗೆ 41 ವಯಸ್ಸು. ಹೆಂಡತಿ ನ್ಯಾನಿ, ಮಕ್ಕಳನ್ನು ಕರೆದುಕೊಂಡು ಅಯೋವಾದ ವಿಂಟರ್‌ಸೆಟ್ ಊರಿಗೆ ಬಂದರು. ಪಕ್ಕದ ಅಡೇರ್ ಕೌಂಟಿಯಲ್ಲಿ ಅವರು ಕೊಂಡಿಟ್ಟ ಜಮೀನು ಇತ್ತು. ಸಾಯಲು ಬಂದವರು ಅಂತ ಊರವರು ಅಂದುಕೊಂಡಿರಬಹುದು. ಅವರು ಆಮೇಲೆ 39 ವರ್ಷ ಬದುಕಿದರು.

ಅಲ್ಲಿಯ ಮಣ್ಣು ನಮ್ಮ ಎರೆ ಹೊಲದ ಹಾಗೆ ಕಪ್ಪು. ಆದರೆ ಜನ ಮಾಡುತ್ತಿದ್ದದ್ದೇನು? ವರ್ಷ ವರ್ಷ ಅದೇ ಬೆಳೆ, ಅದೇ ಹೊಲ. ನೆಲ ಸೋಲುತ್ತಾ ಬರುತ್ತಿತ್ತು. ಅಜ್ಜ ಕ್ಲೋವರ್ ಎಂಬ ಮೇವಿನ ಬೆಳೆ ಹಿಡಿದುಕೊಂಡರು. ನಮ್ಮ ಹುರುಳಿ, ಸೆಣಬಿನ ಹಾಗೆ ಬೇರಿನಲ್ಲಿ ಗಂಟು ಕಟ್ಟಿ ಮಣ್ಣಿಗೆ ಸಾರಜನಕ ಕೂಡಿಸುವ ಜಾತಿ ಅದು. ಕ್ಲೋವರ್ ಬಿತ್ತಿ, ದನ ಮೇಯಿಸಿ, ಆಮೇಲೆ ಜೋಳ ಹಾಕಿ ಅಂತ ಹೇಳಿದರು. ಹೇಳಿ ಬಿಡಲಿಲ್ಲ, ಊರಿನ ಪತ್ರಿಕೆಯಲ್ಲಿ ಬರೆಯತೊಡಗಿದರು. ವೇದಿಕೆ ಬಿಟ್ಟ ಪಾದ್ರಿಗೆ ಪತ್ರಿಕೆ ಸಿಕ್ಕಿತು. ಓದುಗರು ಅವರನ್ನು ಅಂಕಲ್ ಹೆನ್ರಿ ಅಂತ ಕರೆಯತೊಡಗಿದರು. ನಮ್ಮ ಕಡೆ ಆಗಿದ್ದರೆ ಹೆನ್ರಿ ಕಾಕಾ ಅನ್ನುತ್ತಿದ್ದೆವು.

ದೊಡ್ಡದೊಂದು ಕೃಷಿ ಪತ್ರಿಕೆಗೆ ಸಂಪಾದಕರಾದರು. ಮಾಲೀಕರ ಜೊತೆ ಜಗಳವಾಗಿ 1895ರಲ್ಲಿ ಹೊರಗೆ ಬಂದರು. ಆಗ 59 ವಯಸ್ಸು. ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿ ಲೆಕ್ಕ ಹಾಕುತ್ತಾ ಕೂರುತ್ತೇವೆ. ಇವರು ಗಂಡುಮಕ್ಕಳನ್ನು ಸೇರಿಸಿಕೊಂಡು ಮನೆಯದೇ ಪತ್ರಿಕೆ ನಡೆಸಿದರು. ಅದರ ಹೆಸರು ವಾಲೇಸಸ್ ಫಾರ್ಮರ್. ತಲೆಬರಹದಲ್ಲಿ ಮೂರು ಮಾತು ಇರುತ್ತಿದ್ದವು: ಒಳ್ಳೆಯ ಬೇಸಾಯ, ತಿಳಿಯಾದ ಯೋಚನೆ, ನೇರವಾದ ಬದುಕು. ಬೀಜ, ಗೊಬ್ಬರ, ಹಂದಿ ದರದ ಜೊತೆಗೆ ಭಾನುವಾರದ ಧರ್ಮಪಾಠವೂ ಅದರಲ್ಲೇ. ಹೊಲದ ಹುಡುಗರಿಗೆ ಅಂತ ಅವರು ಬರೆದ ಕಾಗದಗಳನ್ನು ಮನೆಮನೆಗಳಲ್ಲಿ ಓದುತ್ತಿದ್ದರು. 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಳ್ಳಿ ಬದುಕಿನ ಕಷ್ಟ ಅರಿಯಲು ಒಂದು ಆಯೋಗ ಮಾಡಿದಾಗ ಈ ಕಾಕಾನನ್ನೂ ಸದಸ್ಯರನ್ನಾಗಿ ಕರೆದರು. 1916ರ ಫೆಬ್ರವರಿಯಲ್ಲಿ ಡೆ ಮೊಯ್ನ್ ನಗರದ ಒಂದು ಚರ್ಚಿನ ಸಭೆಯಲ್ಲಿ ಮಾತಾಡಲು ಕೂತಿದ್ದಾಗ ಅವರ ಪ್ರಾಣ ಹೋಯಿತು.

ಈಗ ಎರಡನೇ ಹೆನ್ರಿ, ಅಂದರೆ ಅಪ್ಪ. 1866ರಲ್ಲಿ ಹುಟ್ಟಿದವರು. ಏಮ್ಸ್ ಊರಿನ ಕೃಷಿ ಕಾಲೇಜಿಗೆ ಸೇರಿ, ಓದು ಅರ್ಧಕ್ಕೆ ಬಿಟ್ಟು, 1887ರಲ್ಲಿ ಮೇ ಬ್ರಾಡ್‌ಹೆಡ್ ಎಂಬ ಹುಡುಗಿಯನ್ನು ಮದುವೆಯಾದರು. ಅಪ್ಪನ ಜಮೀನನ್ನೇ ಲಾವಣಿಗೆ ಹಿಡಿದು ಓರಿಯೆಂಟ್ ಎಂಬ ಹಳ್ಳಿಯ ಹತ್ತಿರ ಬೇಸಾಯಕ್ಕಿಳಿದರು. ಮಗನೇ ಅಪ್ಪನ ಒಕ್ಕಲು! ಅಲ್ಲೇ 1888ರ ಅಕ್ಟೋಬರ್ 7ರಂದು ಮೂರನೇ ಹೆನ್ರಿ ಹುಟ್ಟಿದ್ದು. ಆ ಕಾಲದಲ್ಲಿ ಅಯೋವಾದ ರೈತ ಬೆಳೆದ ಜೋಳವನ್ನು ಹಂದಿಗೆ ತಿನ್ನಿಸಿ ಹಂದಿ ಮಾರುತ್ತಿದ್ದ. ಹಂದಿಯ ದರ ಬಿದ್ದರೆ ಜೋಳವೂ ಹೋಯಿತು, ಹಂದಿಯೂ ಹೋಯಿತು. ದರ ಬಿತ್ತು. 1892ರಲ್ಲಿ ಹೊಲ ಬಿಟ್ಟು ಹೆಂಡತಿ ಮಕ್ಕಳ ಸಮೇತ ಏಮ್ಸ್‌ಗೆ ಹೋಗಿ, ಅರ್ಧಕ್ಕೆ ಬಿಟ್ಟ ಓದು ಮುಗಿಸಿ, ಅಲ್ಲೇ ಹೈನುಗಾರಿಕೆಯ ಮೇಷ್ಟರಾದರು. ಆಮೇಲೆ ಪತ್ರಿಕೆ. ಆಮೇಲೆ 1921ರಲ್ಲಿ ದೇಶದ ಕೃಷಿ ಮಂತ್ರಿ.

ಮಂತ್ರಿಯಾದ ಹೊತ್ತು ಚೆನ್ನಾಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿದು ಧಾನ್ಯದ ಬೆಲೆ ಕುಸಿದಿತ್ತು. ಬೆಲೆ ಯಾಕೆ ಬೀಳುತ್ತದೆ ಅಂತ ಲೆಕ್ಕ ಹಾಕಲು 1922ರಲ್ಲಿ ಕೃಷಿ ಅರ್ಥಶಾಸ್ತ್ರದ್ದೇ ಒಂದು ಇಲಾಖೆ ಕಟ್ಟಿದರು. ರೈತನಿಗೆ ಸರ್ಕಾರ ಬೆಲೆಯ ಆಸರೆ ಕೊಡಬೇಕು ಅಂತ ವಾದಿಸಿದರು. ವಾಣಿಜ್ಯ ಮಂತ್ರಿ ಹರ್ಬರ್ಟ್ ಹೂವರ್ ಅದಕ್ಕೆ ಅಡ್ಡ ನಿಂತರು. ಆ ಜಟಾಪಟಿ ಮುಗಿಯುವ ಮೊದಲೇ, 1924ರ ಅಕ್ಟೋಬರಿನಲ್ಲಿ, ಆಪರೇಷನ್ ಆದ ಮೇಲೆ ಅವರು ತೀರಿಕೊಂಡರು. 58 ವಯಸ್ಸು. ಮಂತ್ರಿ ಪದವಿಯಲ್ಲಿದ್ದಾಗಲೇ ಹೋದರು.

ಈಗ ನನಗೆ ತುಂಬಾ ಪ್ರೀತಿಯ ಭಾಗಕ್ಕೆ ಬರುತ್ತೇನೆ. ಏಮ್ಸ್‌ನ ದಿನಗಳು. ಮೂರನೇ ಹೆನ್ರಿ ಆಗ ಐದಾರು ವರ್ಷದ ಹುಡುಗ. ಅದೇ ಕಾಲೇಜಿನಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿ ಇದ್ದ. ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಗಿಡಗಳ ಮೇಲಿನ ಪ್ರೀತಿಯಿಂದಲೇ ಓದಿ ಮೇಲೆ ಬಂದವ. ಜಾರ್ಜ್ ವಾಷಿಂಗ್ಟನ್ ಕಾರ್ವರ್. ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ, ಆಮೇಲೆ ಮೊದಲ ಕಪ್ಪು ಅಧ್ಯಾಪಕ. ವಾಲೇಸ್ ಮನೆಗೆ ಅವರು ಬಂದು ಹೋಗುವವರು. ಗಿಡ ಹುಡುಕಲು ಹೊರಟಾಗ ಈ ಸಣ್ಣ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಹೂವು ಬಿಡಿಸಿ, ಇದು ಗಂಡು ಭಾಗ, ಇದು ಹೆಣ್ಣು ಭಾಗ ಅಂತ ತೋರಿಸುತ್ತಿದ್ದರು. 1896ರಲ್ಲಿ ಕಾರ್ವರ್ ದಕ್ಷಿಣದ ಟಸ್ಕೀಗಿಗೆ ಹೊರಟುಹೋದರು. ಆದರೆ ಆ ನಡಿಗೆಗಳನ್ನು ಹುಡುಗ ಸಾಯುವವರೆಗೂ ನೆನೆಯುತ್ತಿದ್ದ.

ಇನ್ನೊಬ್ಬರನ್ನು ಮರೆಯಬಾರದು. ತಾಯಿ ಮೇ. ಗಂಡಸರ ಹೆಸರೆಲ್ಲ ಹೆನ್ರಿ ಆಗಿ ಚರಿತ್ರೆಯಲ್ಲಿ ಉಳಿಯಿತು, ಆದರೆ ಗಿಡಕ್ಕೆ ಗಿಡ ಕೂಡಿಸಿ ಹೊಸ ಬಣ್ಣದ ಹೂವು ತರುವುದನ್ನು ಮಗನಿಗೆ ಹೇಳಿಕೊಟ್ಟದ್ದು ಆ ತಾಯಿ, ಮನೆಯ ಕೈತೋಟದಲ್ಲಿ, ಪ್ಯಾನ್ಸಿ ಹೂವಿನ ಮೇಲೆ.

1904ಕ್ಕೆ ಬರೋಣ. ಆಗ ಅಯೋವಾದಲ್ಲಿ ಜೋಳದ ಪ್ರದರ್ಶನ ಅಂದರೆ ಜಾತ್ರೆ. ಪೆರ್ರಿ ಹೋಲ್ಡನ್ ಎಂಬ ದೊಡ್ಡ ಪ್ರೊಫೆಸರು ರೈಲಿನಲ್ಲಿ ಊರೂರು ತಿರುಗಿ ಬೀಜದ ತೆನೆ ಆರಿಸುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಉದ್ದ ಸರಿಯಾಗಿರಬೇಕು, ಕಾಳಿನ ಸಾಲು ನೇರ ಇರಬೇಕು, ತುದಿಯವರೆಗೂ ಕಾಳು ತುಂಬಿರಬೇಕು. ಚಂದದ ತೆನೆಗೆ ಬಹುಮಾನ. ನಾವು ನಗುವ ಹಾಗಿಲ್ಲ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಬಿಳಿಜೋಳದ ರಾಶಿ ಮಾಡುವ ಮೊದಲು ಅಜ್ಜಿ ಹೊಲಕ್ಕೆ ಬಂದು ಕಣ್ಣು ತುಂಬುವ ತೆನೆಗಳನ್ನೇ ಕೊಯ್ದು, ಗೊಂಚಲು ಕಟ್ಟಿ, ಒಲೆಯ ಮೇಲಿನ ಅಟ್ಟಕ್ಕೆ ತೂಗು ಹಾಕುತ್ತಿದ್ದಳು. ಹೊಗೆ ಕುಡಿದು ತೆನೆ ಕಪ್ಪಾಗುತ್ತಿತ್ತು, ಹುಳ ಮುಟ್ಟುತ್ತಿರಲಿಲ್ಲ. ಮುಂದಿನ ವರ್ಷಕ್ಕೆ ಅದೇ ಬೀಜ. ಚಂದದ ತೆನೆಯ ಮಕ್ಕಳು ಚಂದವೇ ಆಗಿರುತ್ತವೆ ಅಂತ ಅವಳ ನಂಬಿಕೆ. ಯಾರೂ ಅದನ್ನು ಪ್ರಶ್ನೆ ಮಾಡಿದ್ದು ನನಗೆ ನೆನಪಿಲ್ಲ.

ಹದಿನಾರರ ಹುಡುಗ ಹೆನ್ರಿ ಪ್ರಶ್ನೆ ಮಾಡಿದ. ಚಂದ ಇದ್ದರೆ ಇಳುವರಿ ಜಾಸ್ತಿ ಬರುತ್ತದೆ ಅಂತ ನಿಮಗೆ ಹೇಗೆ ಗೊತ್ತು? ಬೇಕಾದರೆ ನೀನೇ ಬಿತ್ತಿ ನೋಡು ಅಂದರು ಹೋಲ್ಡನ್. ಹುಡುಗ 30ಕ್ಕೂ ಹೆಚ್ಚು ತೆನೆ ತಂದ. ಒಂದೊಂದು ತೆನೆಯ ಕಾಳನ್ನು ಒಂದೊಂದು ಸಾಲಿನಲ್ಲಿ ಬೇರೆ ಬೇರೆಯಾಗಿ ಬಿತ್ತಿದ. ಸಾಲಿಗೆ ಗುರುತು ಹಾಕಿದ. ಕಳೆ ತೆಗೆದ. ಸುಗ್ಗಿಯಲ್ಲಿ ಒಂದು ಸಾಲಿನ ಫಸಲು ಇನ್ನೊಂದಕ್ಕೆ ಬೆರೆಯದ ಹಾಗೆ ಕೊಯ್ದು ತೂಗಿದ, ಬರೆದಿಟ್ಟ. ಪ್ರೊಫೆಸರು ಅತಿ ಚಂದ ಅಂದಿದ್ದ ತೆನೆಯ ಸಾಲು ಕೆಳಗಿನ ಸಾಲುಗಳಲ್ಲಿ ಸೇರಿಹೋಗಿತ್ತು. ಕಡೆಗಣಿಸಿದ್ದ ತೆನೆಗಳು ಮೇಲೆ ಬಂದಿದ್ದವು. ಆ ತೂಕದ ಪಟ್ಟಿಯ ಮುಂದೆ ಹುಡುಗ ಒಬ್ಬನೇ ಕೂತಿರುವುದನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಹಂದಿಗೆ ತೆನೆಯ ಚೆಲುವಿನಿಂದ ಏನಾಗಬೇಕು ಅಂತ ಅವರು ಆಮೇಲೆ ಹೇಳುತ್ತಿದ್ದರು.

ಹಾಗಾದರೆ ಇಳುವರಿ ಯಾವುದರಿಂದ ಬರುತ್ತದೆ? ಈ ಪ್ರಶ್ನೆ ಹತ್ತಿಪ್ಪತ್ತು ವರ್ಷ ಅವರ ಬೆನ್ನು ಬಿಡಲಿಲ್ಲ. ಜಾರ್ಜ್ ಶಲ್, ಎಡ್ವರ್ಡ್ ಈಸ್ಟ್ ಎಂಬ ವಿಜ್ಞಾನಿಗಳು ಆಗಲೇ ಒಂದು ವಿಚಿತ್ರ ಕಂಡಿದ್ದರು. ಗೋವಿನಜೋಳದ ಗಿಡದಲ್ಲಿ ಮೇಲೆ ಗಂಡು ಸೂಲಂಗಿ, ನಡುವೆ ಹೆಣ್ಣು ತೆನೆ. ಗಾಳಿಗೆ ಎಲ್ಲರ ಪರಾಗ ಎಲ್ಲರಿಗೂ ಬೀಳುತ್ತದೆ. ಅದನ್ನು ತಡೆದು, ಒಂದೇ ಗಿಡದ ಪರಾಗವನ್ನು ಅದರ ತೆನೆಗೇ ಹಾಕುತ್ತಾ ಐದಾರು ತಲೆಮಾರು ಹೋದರೆ ಗಿಡ ಕುಳ್ಳಾಗುತ್ತದೆ, ಬಡಕಲಾಗುತ್ತದೆ. ಅಂಥ ಎರಡು ಬಡಕಲು ವಂಶಗಳನ್ನು ಕೂಡಿಸಿದರೆ ಮಗು ಗಿಡ ಎರಡನ್ನೂ ಮೀರಿಸಿ ಎದ್ದು ನಿಲ್ಲುತ್ತದೆ. ಎಲ್ಲ ಜೋಡಿಯಲ್ಲೂ ಅಲ್ಲ, ಕೆಲವು ಜೋಡಿಗಳಲ್ಲಿ. ಆ ಜೋಡಿ ಯಾವುದು ಅಂತ ಹುಡುಕುವುದೇ ಕೆಲಸ. ಹೆನ್ರಿ 1910ರಲ್ಲಿ ಪದವಿ ಮುಗಿಸಿ, ಮನೆಯ ಪತ್ರಿಕೆಯಲ್ಲಿ ಬರೆಯುತ್ತಾ, ಸಿಕ್ಕ ಸಮಯದಲ್ಲಿ ಹಿತ್ತಲಿನಲ್ಲಿ ಜೋಳ ಕೂಡಿಸುತ್ತಿದ್ದರು. 1924ರಲ್ಲಿ ಅವರ ಕಾಪರ್ ಕ್ರಾಸ್ ಎಂಬ ತಳಿಗೆ ಅಯೋವಾದ ಇಳುವರಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಬಂತು. ಅಪ್ಪ ತೀರಿಕೊಂಡದ್ದೂ ಅದೇ ವರ್ಷ.

1926ರಲ್ಲಿ ಕೆಲವು ಗೆಳೆಯರ ಜೊತೆ ಹೈಬ್ರಿಡ್ ಬೀಜಕ್ಕೆ ಅಂತಲೇ ಒಂದು ಕಂಪನಿ ಮಾಡಿದರು. ಅದಕ್ಕೆ ಹೆಂಡತಿ ಇಲೋ ತಮ್ಮ ತವರಿನಿಂದ ಬಂದ ಹಣ ಹಾಕಿದರು. ನೋಡಿ, ಇಲ್ಲೂ ಒಬ್ಬ ಹೆಣ್ಣುಮಗಳ ಗಂಟು. 1935ರಲ್ಲಿ ಆ ಕಂಪನಿಯ ಹೆಸರಿಗೆ ಒಂದು ಪದ ಸೇರಿತು: ಪಯೋನಿಯರ್. ಹೌದು, ನೀವು ಚೀಲದ ಮೇಲೆ ನೋಡಿರುವ ಅದೇ ಪಯೋನಿಯರ್.

ಶುರುವಿನಲ್ಲಿ ರೈತರು ನಂಬಲಿಲ್ಲ. ಮನೆಯಲ್ಲಿ ಬೀಜ ಇರುವಾಗ ಯಾರು ದುಡ್ಡು ಕೊಡುತ್ತಾರೆ? ಕೂನ್ ರಾಪಿಡ್ಸ್ ಊರಿನ ರಾಸ್ವೆಲ್ ಗಾರ್ಸ್ಟ್ ಎಂಬುವರು ಮಾರಾಟ ವಹಿಸಿಕೊಂಡು ಒಂದು ಉಪಾಯ ಮಾಡಿದರು. ಈಗ ದುಡ್ಡು ಬೇಡ. ಅರ್ಧ ಹೊಲಕ್ಕೆ ನಿಮ್ಮ ಬೀಜ ಹಾಕಿ, ಅರ್ಧಕ್ಕೆ ನನ್ನದು. ನನ್ನದರಲ್ಲಿ ಎಷ್ಟು ಹೆಚ್ಚು ಬರುತ್ತದೋ ಆ ಹೆಚ್ಚಿನದರಲ್ಲಿ ಅರ್ಧ ನನಗೆ. ಸುಗ್ಗಿ ಆದ ಮೇಲೆ ರೈತರು ಲೆಕ್ಕ ಹಾಕಿ, ಬೇಡಪ್ಪಾ, ಮುಂದಿನ ವರ್ಷ ರೊಕ್ಕ ಕೊಟ್ಟೇ ತಗೊಳ್ಳುತ್ತೇವೆ ಅಂದರು. 1930ರ ದಶಕದ ನಡುವಿನಲ್ಲಿ ಅಯೋವಾದ ಹತ್ತರಲ್ಲಿ ಒಂದು ಪಾಲು ಹೊಲದಲ್ಲಿದ್ದ ಹೈಬ್ರಿಡ್ ಜೋಳ ನಾಲ್ಕೈದು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೆ ಹರಡಿತು. ಅದಕ್ಕೂ ಮೊದಲು ಅರವತ್ತು ಎಪ್ಪತ್ತು ವರ್ಷ ಅಮೆರಿಕದ ಸರಾಸರಿ ಇಳುವರಿ ಎಕರೆಗೆ 25 ಬುಶೆಲ್‌ನ ಆಸುಪಾಸಿನಲ್ಲೇ ಇತ್ತು. ನಮ್ಮ ಲೆಕ್ಕದಲ್ಲಿ ಆರೂಕಾಲು ಕ್ವಿಂಟಲ್. ಇವತ್ತು ಅಯೋವಾದಲ್ಲಿ ಒಳ್ಳೆಯ ವರ್ಷ 200 ಬುಶೆಲ್, ಅಂದರೆ 50 ಕ್ವಿಂಟಲ್. ಬರೀ ಬೀಜದಿಂದ ಅಲ್ಲ, ಗೊಬ್ಬರ, ಯಂತ್ರ ಎಲ್ಲ ಸೇರಿ. ಆದರೆ ಬಾಗಿಲು ತೆರೆದದ್ದು ಬೀಜ.

ಇದರ ಜೊತೆಗೆ ಅಟ್ಟದ ಬೀಜ ಹೋಯಿತು. ಹೈಬ್ರಿಡ್ ಗಿಡದ ಕಾಳು ಬಿತ್ತಿದರೆ ಆ ಕಸುವು ಉಳಿಯುವುದಿಲ್ಲ, ಹಾಗಾಗಿ ರೈತ ಪ್ರತಿ ವರ್ಷ ಕೊಳ್ಳಲೇಬೇಕು. ಅಜ್ಜಿಯ ಕೈಯಲ್ಲಿದ್ದ ಒಂದು ಅಧಿಕಾರ ಅಂಗಡಿಗೆ ಹೋಯಿತು. ನಮ್ಮ ಭಾಗದವರಿಗೆ ಇದರ ಎರಡೂ ಮುಖ ಗೊತ್ತು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿ ಅವರು ವರಲಕ್ಷ್ಮಿ ಹತ್ತಿ ತಂದಾಗ ಎಷ್ಟು ಮನೆಗಳು ಎದ್ದು ನಿಂತವು! ರಾಣೆಬೆನ್ನೂರು ಕಡೆ ಹೆಣ್ಣುಮಕ್ಕಳು ಹೂವಿನ ಗಂಡು ಭಾಗ ಕಿತ್ತು, ಇನ್ನೊಂದು ಹೂವಿನ ಪರಾಗ ಮುಟ್ಟಿಸುವುದನ್ನು ನಾನು ಬದುವಿನ ಮೇಲೆ ಕೂತು ನೋಡಿದ್ದೇನೆ. ಕಾರ್ವರ್ ಆ ಹುಡುಗನಿಗೆ ತೋರಿಸಿದ್ದೂ ಅದನ್ನೇ, ಗಂಡು ಭಾಗ, ಹೆಣ್ಣು ಭಾಗ. ಆ ಬೆರಳುಗಳ ಕೆಲಸಕ್ಕೆ ನಾವು ಕೊಟ್ಟ ಕೂಲಿ ಕಡಿಮೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಮನೆಯ ಕಥೆಗೆ ವಾಪಸ್ ಬರುತ್ತೇನೆ. 1929ರಲ್ಲಿ ವಾಲೇಸರು ತಮ್ಮ ಅಜ್ಜ ಜಗಳ ಮಾಡಿ ಬಿಟ್ಟು ಬಂದಿದ್ದ ಆ ಹಳೆಯ ಪತ್ರಿಕೆಯನ್ನೇ ದೊಡ್ಡ ಸಾಲ ಮಾಡಿ ಕೊಂಡರು. ಅದೇ ವರ್ಷ ಷೇರು ಮಾರುಕಟ್ಟೆ ಬಿತ್ತು. 1932ರ ಹೊತ್ತಿಗೆ ಪತ್ರಿಕೆ ಕೈ ಬಿಟ್ಟುಹೋಯಿತು. ಹಳೆಯ ಜಗಳದ ಬಾಕಿ ತೀರಿಸಲು ಹೋಗಿ ಮನೆಯ ಆಸ್ತಿ ಕಳೆದುಕೊಂಡ ಕಥೆಗಳು ನಮ್ಮ ಊರುಗಳಲ್ಲೂ ಬೇಕಾದಷ್ಟಿವೆ. ಆ ವರ್ಷಗಳಲ್ಲಿ ಜೋಳದ ಬೆಲೆ ಎಷ್ಟು ಬಿತ್ತೆಂದರೆ ಕಲ್ಲಿದ್ದಲಿಗಿಂತ ಅಗ್ಗ ಅಂತ ಜನ ಒಲೆಗೆ ಜೋಳ ಸುಟ್ಟರು.

1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಈ ಮೂರನೇ ಹೆನ್ರಿಯನ್ನು ಕೃಷಿ ಮಂತ್ರಿ ಮಾಡಿದರು. ಅಪ್ಪ ಕೂತಿದ್ದ ಕುರ್ಚಿ. ಬೆಲೆ ಎತ್ತಬೇಕಾದರೆ ಬೆಳೆ ಇಳಿಸಬೇಕು ಅಂತ ಅವರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಅಳಿಸಲು, 60 ಲಕ್ಷ ಹಂದಿಮರಿಗಳನ್ನು ಕೊಲ್ಲಲು ಆಜ್ಞೆ ಮಾಡಬೇಕಾಯಿತು. ಹಸಿದ ದೇಶದಲ್ಲಿ ಇದು. ಗಿಡ ಬೆಳೆಸುವ ಮನುಷ್ಯನಿಗೆ ಅದು ಎಷ್ಟು ಸಂಕಟ ಕೊಟ್ಟಿರಬಹುದು. ಇನ್ನೊಂದು ತಪ್ಪು ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಳೆ ಬಿಟ್ಟದ್ದಕ್ಕೆ ಸರ್ಕಾರ ಕೊಟ್ಟ ಹಣ ಭೂಮಾಲೀಕರ ಕೈ ಸೇರಿತು. ದಕ್ಷಿಣದ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದ ಬಡವರು, ಅವರಲ್ಲಿ ಕಪ್ಪು ಜನ ಬಹಳ, ಗುಡಿಸಲು ಬಿಟ್ಟು ಬೀದಿಗೆ ಬಿದ್ದರು. ಅವರ ಪರ ನಿಂತ ಇಲಾಖೆಯ ಅಧಿಕಾರಿಗಳನ್ನು 1935ರಲ್ಲಿ ತೆಗೆದುಹಾಕಿದಾಗ ವಾಲೇಸ್ ಅದಕ್ಕೆ ಒಪ್ಪಿಗೆ ಕೊಟ್ಟರು. ಕಾರ್ವರ್ ಕೈ ಹಿಡಿದು ನಡೆದ ಹುಡುಗ ಹೀಗೆ ಮಾಡಬಾರದಿತ್ತು.

ಅವರು ಮಾಡಿದ್ದರಲ್ಲಿ ನನಗೆ ಹತ್ತಿರವಾದದ್ದು ಧಾನ್ಯ ಸಂಗ್ರಹದ ಯೋಜನೆ. ಸುಭಿಕ್ಷೆಯ ವರ್ಷ ಸರ್ಕಾರ ಕಾಳು ಹಿಡಿದಿಡಬೇಕು, ಬರದ ವರ್ಷ ಹೊರಗೆ ಬಿಡಬೇಕು. ಹಳೆಯ ಚೀನಾದಲ್ಲಿ ಹೀಗಿತ್ತು ಅಂತ ಒಬ್ಬ ಚೀನೀ ವಿದ್ವಾಂಸರ ಬರಹದಿಂದ ಅವರು ತಿಳಿದಿದ್ದರು. 1938ರಲ್ಲಿ ಅದು ಕಾನೂನಾಯಿತು. ಹಗೇವು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಮುಂದಿನ ನೆಲ ತೋಡಿ, ಕಾಳು ತುಂಬಿ, ಬಾಯಿ ಮುಚ್ಚಿ, ಬರ ಬಂದಾಗ ತೆಗೆಯುತ್ತಿದ್ದೆವು. ಅವರು ದೇಶಕ್ಕೆ ಒಂದು ಹಗೇವು ಮಾಡಿದರು.

1940ರಲ್ಲಿ ಉಪಾಧ್ಯಕ್ಷರಾಗಿ ಆರಿಸಿ ಬಂದ ಮೇಲೆ ಮೆಕ್ಸಿಕೋಗೆ ಕಾರಿನಲ್ಲೇ ಹೋದರು. ದಾರಿಯುದ್ದಕ್ಕೂ ನಿಲ್ಲಿಸಿ ಹೊಲ ನೋಡಿದರು, ರೈತರನ್ನು ಮಾತಾಡಿಸಿದರು. ಅಲ್ಲಿಯ ಇಳುವರಿ ಕಂಡು ಮರುಗಿ, ವಾಪಸ್ ಬಂದು ರಾಕ್‌ಫೆಲ್ಲರ್ ಫೌಂಡೇಶನ್ನಿನವರ ಹತ್ತಿರ ಮಾತಾಡಿದರು. ಮೆಕ್ಸಿಕೋದಲ್ಲಿ 1943ರಲ್ಲಿ ಬೆಳೆ ಸುಧಾರಿಸುವ ಕೆಲಸ ಶುರುವಾಯಿತು. ಮರುವರ್ಷ ಗೋಧಿ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಸೇರಿದರು, ಅವರೂ ಅಯೋವಾದ ಹೊಲದ ಹುಡುಗ. ಅಲ್ಲಿಯ ಗಿಡ್ಡ ಗೋಧಿ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂತು. ನಮ್ಮ ಗೋವಿನಜೋಳದ ಮೊದಲ ಹೈಬ್ರಿಡ್‌ಗಳು 1961ರಲ್ಲಿ ಬಂದವು, ಅದರಲ್ಲೂ ಆ ಫೌಂಡೇಶನ್ನಿನ ನೆರವು ಇತ್ತು.

ರಾಜಕೀಯದ ಉಳಿದ ಭಾಗ ಬೇಗ ಮುಗಿಸುತ್ತೇನೆ. 1944ರಲ್ಲಿ ಉಪಾಧ್ಯಕ್ಷ ಪದವಿಗೆ ಪಕ್ಷ ಅವರನ್ನು ಬಿಟ್ಟು ಟ್ರೂಮನ್ ಅವರನ್ನು ಆರಿಸಿತು. 1948ರಲ್ಲಿ ಬೇರೆ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತರು. ಆಗ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ, ಬಿಳಿ ಜನ ಬೇರೆ ಬೇರೆ ಕೂರುವ ಸಭೆಯಲ್ಲಿ ನಾನು ಮಾತಾಡುವುದಿಲ್ಲ ಅಂತ ಹಟ ಹಿಡಿದರು. ಮೊಟ್ಟೆ, ಟೊಮ್ಯಾಟೊ ತೂರಿದರು ಜನ. ಸೋತರು, ಸುಮಾರು 11.5 ಲಕ್ಷ ಮತ ಬಂತು. 1935ರಲ್ಲಿ ಮಾಡಿದ್ದನ್ನು 1948 ಅಳಿಸಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಮೊಟ್ಟೆಗಳ ನಡುವೆ ನಿಂತ ಮನುಷ್ಯನನ್ನು ನಾನು ಗೌರವಿಸುತ್ತೇನೆ.

ಅದಾದ ಮೇಲೆ ಅವರು ಎಲ್ಲಿಗೆ ಹೋದರು ಹೇಳಿ? ಹೊಲಕ್ಕೆ. ನ್ಯೂಯಾರ್ಕ್ ರಾಜ್ಯದ ಸೌತ್ ಸೇಲಂನಲ್ಲಿ ಒಂದು ತೋಟ. ಕೋಳಿ, ಜೋಳ, ಗ್ಲ್ಯಾಡಿಯೋಲಸ್ ಹೂವು, ಸ್ಟ್ರಾಬೆರಿ. ಮಗ ಹೆನ್ರಿ ಬಿ. ವಾಲೇಸ್ ಜೋಳದ ಸೂತ್ರವನ್ನೇ ಕೋಳಿಗೆ ಹಚ್ಚಿ ಹೈ-ಲೈನ್ ಎಂಬ ಮೊಟ್ಟೆ ಕೋಳಿ ತಳಿ ಕಟ್ಟುತ್ತಿದ್ದರು, ನಾಲ್ಕನೇ ತಲೆಮಾರು. ಬೀಜದ ಕಂಪನಿ ಮಾತ್ರ 1999ರಲ್ಲಿ ಪೂರ್ತಿಯಾಗಿ ಡುಪಾಂಟ್ ಎಂಬ ರಾಸಾಯನಿಕ ಕಂಪನಿಯ ಕೈ ಸೇರಿತು.

1964ರಲ್ಲಿ ಹೆನ್ರಿಗೆ ಎಎಲ್‌ಎಸ್ ಎಂಬ ನರದ ಕಾಯಿಲೆ ಅಂತ ಗೊತ್ತಾಯಿತು. ಸ್ನಾಯು ಒಂದೊಂದಾಗಿ ಸೋಲುತ್ತಾ ಬರುವ ಕಾಯಿಲೆ, ಮದ್ದಿಲ್ಲ. ಅವರು ತಮ್ಮ ಮೈಯಲ್ಲಿ ಏನೇನು ಆಗುತ್ತಿದೆ ಅಂತ ಬರೆದಿಡತೊಡಗಿದರು. ಹದಿನಾರರ ವಯಸ್ಸಿನಲ್ಲಿ ಜೋಳದ ಸಾಲುಗಳ ಬಗ್ಗೆ ಬರೆದಿಟ್ಟ ಹಾಗೆಯೇ. 1965ರ ನವೆಂಬರ್ 18ರಂದು ತೀರಿಕೊಂಡರು. ಚಿತಾಭಸ್ಮವನ್ನು ಅಯೋವಾದ ಡೆ ಮೊಯ್ನ್‌ಗೆ ತಂದು ಮಣ್ಣು ಮಾಡಿದರು.

ಓರಿಯೆಂಟ್ ಹತ್ತಿರ ಅವರು ಹುಟ್ಟಿದ ಹೊಲದಲ್ಲಿ 40 ಎಕರೆ ಇವತ್ತಿಗೂ ಅವರ ನೆನಪಿಗೆ ಉಳಿದಿದೆ. ಒಂದಷ್ಟು ಹಣ್ಣಿನ ಗಿಡ, ಒಂದಷ್ಟು ತರಕಾರಿ. ಉಳಿದ ಕಡೆ ನೇಗಿಲು ಬರುವ ಮೊದಲು ಅಲ್ಲಿ ಬೆಳೆಯುತ್ತಿದ್ದ ಹುಲ್ಲನ್ನೇ ಮತ್ತೆ ಬಿತ್ತಿ ಬೆಳೆಸಿದ್ದಾರೆ.